ಮಾವ ತೋರಿಸಿದ ಗುಂಡಿ

ಭಾಗಮಂಡಲದ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ. ಬಂದವರು ಬ್ಯಾಗ್ ಇಳಿಸುವ ಮೊದಲೇ ಕೇಳುವುದು, "ಟ್ರೆಕ್ಕಿಂಗ್ ಇದೆಯಾ?" ಇಲ್ಲ ಅಂದರೆ ಮುಂದಿನ ಸಲ ಅವರು ಬರುವುದಿಲ್ಲ. ಹಾಗಾಗಿ ಒಂದು ಜನವರಿಯಲ್ಲಿ ಅನುಮತಿ ಪಡೆದು, ಬೆಂಗಳೂರಿನ ನಾಲ್ವರನ್ನು ಕರೆದುಕೊಂಡು ನಿಶಾನಿ ಮೊಟ್ಟೆ ಬೆಟ್ಟಕ್ಕೆ ಹೊರಟೆ. ಜೊತೆಗೆ ಅರಣ್ಯ ಇಲಾಖೆಯ ವಾಚರ್ ಒಬ್ಬರು ಮತ್ತು ನನ್ನ ಸೋದರಮಾವ.

ಕಣಿವೆಯ ದಟ್ಟ ಶೋಲೆ ಕಾಡು ಮುಗಿದು ಹುಲ್ಲು ಶುರುವಾಗುವ ಮೊದಲು ಮಾವ ದಾರಿ ಬಿಟ್ಟು ಬಲಕ್ಕೆ ಸರಿದರು. ನೆಲದ ತುಂಬ ಒಣ ಎಲೆ. ಕೋಲು ಊರಿದರು. ಪೂರ್ತಿ ಕೋಲು ಒಳಗಿಳಿಯಿತು, ತಳ ಸಿಗಲಿಲ್ಲ.

"ಹರಳುಕಲ್ಲಿನವರ ಗುಂಡಿ. ಹತ್ತಿರ ಬರಬೇಡಿ" ಅಂದರು.

ಇಲ್ಲಿ ಕೆಂಪು ಹರಳುಕಲ್ಲನ್ನು ಕದ್ದು ತೆಗೆಯುತ್ತಿದ್ದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಸುಬ್ರಹ್ಮಣ್ಯದ ಹತ್ತಿರದ ಕೂಜಿಮಲೆ ಕಾಡಿನದೂ ಅದೇ ಕಥೆ. ಹೇಗೆ ತೆಗೆಯುತ್ತಿದ್ದರು ಅಂತ ಮಾತ್ರ ನನಗೆ ಗೊತ್ತಿರಲಿಲ್ಲ. ಮಾವ ಹೇಳಿದರು: ಹಾರೆ, ಗುದ್ದಲಿ ಹಿಡಿದು ಬಾವಿಯ ಹಾಗೆ ಇಳಿಯುವುದು. ಮೆತ್ತಗಾದ ಬಂಡೆ ಸಿಕ್ಕಿದ ಮೇಲೆ ಅಡ್ಡಕ್ಕೆ ಕೊರೆಯುವುದು. ಮಣ್ಣನ್ನು ಗೋಣಿಯಲ್ಲಿ ತೊರೆಗೆ ಹೊತ್ತು, ಜರಡಿ ಹಿಡಿದು ತೊಳೆಯುವುದು. ಒಂದು ಹಿಡಿ ಹರಳಿಗೆ ಎಷ್ಟೋ ಗೋಣಿ ಮಣ್ಣು. ಗುಂಡಿ ಮುಚ್ಚುವವರು ಯಾರೂ ಇಲ್ಲ.

"ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು ಮಾವ?"

"ಒಂದು ವರ್ಷ ಅವರಿಗೆ ಅಕ್ಕಿ ಹೊತ್ತಿದ್ದೆ. ತೋಟದ ಕೂಲಿಗಿಂತ ಜಾಸ್ತಿ ಕೊಡುತ್ತಿದ್ದರು."

ವಾಚರ್ ಏನೂ ಕೇಳಿಸದವರ ಹಾಗೆ ಮರ ನೋಡುತ್ತ ನಿಂತರು.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾನೂ ಬೆಟ್ಟದಿಂದಲೇ ಅಲ್ವಾ ದುಡಿಯುವುದು? ಹುಲ್ಲಿನ ಮೇಲೆ ಒಂದೇ ಇದ್ದ ಕಾಲುದಾರಿ ಈಗ ಮೂರು ಸೀಳಾಗಿದೆ. ಜಾರುತ್ತದೆ ಅಂತ ಒಬ್ಬೊಬ್ಬರು ಒಂದೊಂದು ಬದಿ ಹಿಡಿದದ್ದು. ಮಳೆಗಾಲದ ನೀರು ಅದರಲ್ಲೇ ಹರಿದು ಮೊಣಕಾಲಿನಷ್ಟು ಕೊರೆದಿದೆ. 2020ರ ಆಗಸ್ಟ್‌ನಲ್ಲಿ ಬ್ರಹ್ಮಗಿರಿ ಕುಸಿದು ತಲಕಾವೇರಿಯ ಅರ್ಚಕರ ಮನೆಯೇ ಮಣ್ಣಿನಡಿ ಹೋಯಿತು. ಅದಾದ ಮೇಲೆ ಬೆಟ್ಟದಲ್ಲಿ ಬರಿ ಮಣ್ಣು ಕಂಡರೆ ನನಗೆ ಒಂಥರಾ ಆಗುತ್ತದೆ.

ಕುದುರೆಮುಖದಲ್ಲಿ ಸುಪ್ರೀಂ ಕೋರ್ಟ್ ಹೇಳಿ 2005ರ ಕೊನೆಗೆ ಕಬ್ಬಿಣದ ಗಣಿ ನಿಂತಿತು. ಈಗ ಅಲ್ಲಿ ಹತ್ತುವ ಜನಕ್ಕೇ ಮಿತಿ ಹಾಕಬೇಕಾಗಿದೆ. ಕುಮಾರ ಪರ್ವತದಲ್ಲಿ 2024ರ ಜನವರಿಯ ನೂಕುನುಗ್ಗಲಿನ ವಿಡಿಯೊ ನೋಡಿದವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ. ಪೂರ್ತಿ ಮುಚ್ಚಿಬಿಡಿ ಅನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಯಾರೂ ಓಡಾಡದ ಕಾಡಿನಲ್ಲೇ ಅಲ್ವಾ ಈ ಗುಂಡಿಗಳೆಲ್ಲ ಆದದ್ದು?

ಇಳಿಯುವಾಗ ಹುಡುಗನೊಬ್ಬ ಅಂಗೈ ಚಾಚಿದ. ಕೆಂಪು ಚುಕ್ಕೆಯ ಪುಟ್ಟ ಕಲ್ಲು. "ಅಂಕಲ್, ಇದನ್ನ ಇಟ್ಕೊಳ್ಳಲಾ? ಸುಮ್ನೆ, ನೆನಪಿಗೆ."

ಮಾವ ಅದನ್ನು ತೆಗೆದುಕೊಂಡು ಬಿಸಿಲಿಗೆ ಹಿಡಿದು ನೋಡಿದರು, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತೇ. ಆಮೇಲೆ ಹುಲ್ಲಿಗೆ ಎಸೆದರು.

ಮನೆಗೆ ಬಂದು ಕಾಫಿ ಕುಡಿಯುವಾಗ ಆ ಹುಡುಗರು, ಮುಂದಿನ ಸಲ ಇಪ್ಪತ್ತು ಜನ ಬರ್ತೇವೆ ಅಂದರು. "ಆರು ಜನ ಬನ್ನಿ" ಅಂದೆ. ಒಳಗಿನಿಂದ ಹೆಂಡತಿ ನನ್ನನ್ನೇ ನೋಡಿದಳು.