ಅಡಿಕ್ಷನ್ ಕೌನ್ಸೆಲರ್ ಎಕ್ಸಾಮ್‌ಗೆ ಹೇಗೆ ಓದ್ಲಿ? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

"ಮೇಡಂ, ಎಡಿಸಿ ಎಕ್ಸಾಮ್‌ಗೆ ಏನ್ ಓದ್ಬೇಕು, ಎಷ್ಟು ತಿಂಗಳು ಬೇಕು, ಯಾವ ಬುಕ್ ಸಾಕು?" ಈ ಮೆಸೇಜ್ ನಂಗೆ ಬರ್ತಾನೇ ಇರತ್ತೆ. ಅದರ ಹಿಂದೆನೇ ಇನ್ನೊಂದು ಬರತ್ತೆ, "ನಾನು ಇದೇ ಫೀಲ್ಡಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದೀನಿ, ಓದ್ದೇ ಹೋದ್ರೂ ಆಗತ್ತಲ್ವಾ?" ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಸಾಕಾಗಿದೆ, ಇಲ್ಲೇ ಒಂದ್ಸಲ ಬರೆದುಬಿಡ್ತೀನಿ, ಇನ್ಮೇಲೆ ಕೇಳೋರಿಗೆ ಲಿಂಕ್ ಕಳಿಸಿದ್ರಾಯ್ತು.

ಗೊತ್ತಿಲ್ದೇ ಇರೋರಿಗೆ ಎರಡು ಮಾತು. ಅಮೆರಿಕದಲ್ಲಿ ಆಲ್ಕೋಹಾಲ್ ಅಂಡ್ ಡ್ರಗ್ ಕೌನ್ಸೆಲರ್ ಸರ್ಟಿಫಿಕೇಟ್ ಕೊಡೋದು ಆಯಾ ರಾಜ್ಯದ ಬೋರ್ಡ್, ಆದ್ರೆ ಬಹಳಷ್ಟು ಬೋರ್ಡ್‌ಗಳು ಐಸಿ ಅಂಡ್ ಆರ್‌ಸಿ ಅನ್ನೋ ಸಂಸ್ಥೆಯ ಎಡಿಸಿ ಪರೀಕ್ಷೆಯನ್ನೇ ಬಳಸ್ತವೆ, ಕೆಲವು ಕಡೆ ನಾಡಾಕ್ ಅನ್ನೋ ಇನ್ನೊಂದು ಸಂಸ್ಥೆಯವರ ಪರೀಕ್ಷೆನೂ ನಡೆಯತ್ತೆ. ಎಡಿಸಿಯಲ್ಲಿ 150 ಮಲ್ಟಿಪಲ್ ಚಾಯ್ಸ್ ಪ್ರಶ್ನೆ, 3 ಗಂಟೆ ಟೈಮು. ಸ್ಕೋರು 200ರಿಂದ 800ರವರೆಗೆ, 500 ಬಂದ್ರೆ ಪಾಸ್. ಈ 500ನ ನೋಡಿ "ಓ, ಅರ್ಧಕ್ಕರ್ಧ ಸಾಕು" ಅಂತ ಲೆಕ್ಕ ಹಾಕಬೇಡಿ, ಅದು ಸ್ಕೇಲ್ ಮಾಡಿದ ಅಂಕ, ಪರ್ಸೆಂಟೇಜ್ ಅಲ್ಲ. ತಪ್ಪು ಉತ್ತರಕ್ಕೆ ಮೈನಸ್ ಮಾರ್ಕ್ಸ್ ಇಲ್ಲ, ಹಾಗಾಗಿ ಒಂದೂ ಖಾಲಿ ಬಿಡಬೇಡಿ. ಎಷ್ಟು ಗಂಟೆ ಸೂಪರ್‌ವೈಸ್ಡ್ ಕೆಲಸ, ಎಷ್ಟು ಗಂಟೆ ಟ್ರೈನಿಂಗ್ ಬೇಕು ಅನ್ನೋದು ರಾಜ್ಯದಿಂದ ರಾಜ್ಯಕ್ಕೆ ಬದಲಾಗತ್ತೆ, ಅದನ್ನ ನನ್ನ ಕೇಳ್ಬೇಡಿ, ನಿಮ್ಮ ಬೋರ್ಡ್‌ನೇ ಕೇಳಿ.

ಈಗ ಮೊದಲು ಆ ಎರಡನೇ ಪ್ರಶ್ನೆ. ಅನುಭವ ಇದ್ರೆ ಓದೋದು ಬೇಡ್ವಾ? ಬೇಕು. ನಾನು ನೋಡಿದ ಹಾಗೆ ಈ ಪರೀಕ್ಷೆಯಲ್ಲಿ ಎಡವೋರಲ್ಲಿ ತುಂಬಾ ಜನ ಕೆಲಸ ಚೆನ್ನಾಗಿ ಗೊತ್ತಿರೋರೇ. ಯಾಕಂದ್ರೆ ನಾವು ಕೆಲಸ ಮಾಡೋ ಜಾಗಕ್ಕೆ ಅದರದ್ದೇ ಒಂದು ರೂಢಿ ಇರತ್ತೆ. ನಮ್ಮಲ್ಲಿ ನರ್ಸ್ ಪಕ್ಕದ ರೂಮಲ್ಲೇ ಇರ್ತಾರೆ, ನಮ್ಮಲ್ಲಿ ಇನ್‌ಟೇಕ್ (ಸೇರಿಸ್ಕೊಳ್ಳೋವಾಗಿನ ಮೊದಲ ವಿಚಾರಣೆ) ಬೇರೆಯವರು ಮಾಡ್ತಾರೆ, ನಮ್ಮಲ್ಲಿ ಹೊಸಬರನ್ನ ಸೀದಾ ಗ್ರೂಪಲ್ಲಿ ಕೂರಿಸ್ತೀವಿ, ಹೀಗೆ. ಪ್ರಶ್ನೆ ಬರೆದೋರಿಗೆ ನಿಮ್ಮ ಸೆಂಟರ್‌ನ ರೂಢಿ ಗೊತ್ತಿಲ್ಲ, ಅವರಿಗೆ ಬೇಕೂ ಇಲ್ಲ. ಅವರು ನೋಡೋದು ಒಂದೇ: ಈ ಕ್ಲಯಂಟ್ ಈಗ ಎಲ್ಲಿದಾರೆ, ಇವರಿಗೆ ಈ ಕ್ಷಣಕ್ಕೆ ಮೊದಲು ಆಗಬೇಕಾಗಿದ್ದು ಏನು, ಅದು ನಿಮಗೆ ಹೊಳೆಯತ್ತಾ ಅಂತ. ಕೊಟ್ಟಿರೋ ನಾಲ್ಕು ಆಯ್ಕೆಯಲ್ಲಿ ಮೂರು ಎಷ್ಟೋ ಸಲ ಒಳ್ಳೇ ಕೆಲಸಗಳೇ ಆಗಿರ್ತವೆ, ಆದ್ರೆ ಅವುಗಳ ಸರದಿ ಇನ್ನೂ ಬಂದಿರಲ್ಲ.

ಒಂದು ಉದಾಹರಣೆ, ನಾನೇ ಕಟ್ಟಿದ್ದು. 45 ವರ್ಷದ ಒಬ್ಬರು, ತುಂಬಾ ವರ್ಷದಿಂದ ದಿನಾ ಕುಡೀತಿದ್ರು, ನಿನ್ನೆ ರಾತ್ರಿಯಿಂದ ಮುಟ್ಟಿಲ್ಲ, ಈಗ ನಿಮ್ಮೆದುರಿಗೆ ಕೂತಿದಾರೆ. ಕೈ ನಡುಗ್ತಾ ಇದೆ, ಬೆವರ್ತಿದಾರೆ, ಹಿಂದೊಂದ್ಸಲ ಹೀಗೇ ಬಿಟ್ಟಾಗ ಫಿಟ್ಸ್ ಬಂದಿತ್ತು ಅಂತಾನೂ ಹೇಳಿದ್ರು. ಆದ್ರೆ ಅವರು ಅಳ್ತಾ ಮಾತಾಡ್ತಿರೋದು ಹೆಂಡತಿ ಬಿಟ್ಟು ಹೋದ ವಿಷಯ. ನೀವೇನ್ ಮಾಡ್ತೀರಿ? ಅವರ ದುಃಖ ಕೇಳಿಸ್ಕೊಳ್ತೀರಾ, ಟ್ರೀಟ್‌ಮೆಂಟ್ ಪ್ಲಾನ್ ಶುರು ಮಾಡ್ತೀರಾ, ಎಎ (ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋರ ಗುಂಪು) ಮೀಟಿಂಗ್ ವಿಳಾಸ ಕೊಡ್ತೀರಾ, ಇಲ್ಲಾ ತಕ್ಷಣ ಮೆಡಿಕಲ್ ತಪಾಸಣೆಗೆ ಕಳಿಸ್ತೀರಾ? ಮನಸ್ಸಿರೋ ಕೌನ್ಸೆಲರ್ ಕೈ ಮೊದಲನೇ ಆಯ್ಕೆ ಕಡೆಗೇ ಹೋಗತ್ತೆ. ಉತ್ತರ ಕೊನೇದು. ಆಲ್ಕೋಹಾಲ್ ನಿಲ್ಸಿದಾಗ ಬರೋ ಫಿಟ್ಸ್ ಸಾಮಾನ್ಯವಾಗಿ ಕೊನೇ ಪೆಗ್ ಆದ 6ರಿಂದ 48 ಗಂಟೆ ಒಳಗೆ, ಡೆಲಿರಿಯಂ ಟ್ರೆಮೆನ್ಸ್ (ನಡುಕದ ಜೊತೆ ಭ್ರಮೆ, ಗೊಂದಲ) 48ರಿಂದ 96 ಗಂಟೆ ಹೊತ್ತಿಗೆ, ಅದರಿಂದ ಜೀವ ಹೋಗಬಹುದು, ಹಿಂದೆ ಒಮ್ಮೆ ಫಿಟ್ಸ್ ಬಂದಿದ್ರೆ ಅಪಾಯ ಇನ್ನೂ ಜಾಸ್ತಿ. ಹೆಂಡತಿ ವಿಷಯ ನಾಳೆನೂ ಮಾತಾಡಬಹುದು.

ಇದನ್ನೇ ಸ್ವಲ್ಪ ತಿರುಗಿಸಿ. ಈಗ ಬಂದಿರೋರಿಗೆ ದೈಹಿಕ ತೊಂದರೆ ಏನೂ ಇಲ್ಲ, ಮುಖ ಗಂಟು ಹಾಕ್ಕೊಂಡು "ನಂಗೇನೂ ಪ್ರಾಬ್ಲಂ ಇಲ್ಲ, ಹೆಂಡತಿ ಕಾಟಕ್ಕೆ ಬಂದೆ" ಅಂತಾರೆ. ಲಿವರ್ ರಿಪೋರ್ಟ್ ಎದುರಿಗಿಟ್ಟು ಒಪ್ಪಿಸೋದು ಒಂದು ಆಯ್ಕೆ, ರಿಲ್ಯಾಪ್ಸ್ (ಬಿಟ್ಟಿದ್ದು ಮತ್ತೆ ಶುರುವಾಗೋದು) ತಡೆಯೋ ಹೋಂವರ್ಕ್ ಕೊಡೋದು ಇನ್ನೊಂದು, ರೆಡಿ ಆದಾಗ ಬನ್ನಿ ಅಂತ ಕಳಿಸೋದು ಮತ್ತೊಂದು, ಓಪನ್ ಪ್ರಶ್ನೆ ಕೇಳಿ ಅವರು ಹೇಳಿದ್ದನ್ನೇ ಅವರಿಗೆ ವಾಪಸ್ ಹೇಳೋದು ನಾಲ್ಕನೇದು. ಪ್ರೊಚಾಸ್ಕಾ ಮತ್ತು ಡಿಕ್ಲೆಮೆಂಟೆಯವರ ಬದಲಾವಣೆಯ ಹಂತಗಳು ಗೊತ್ತಿದ್ರೆ ಇವರು ಪ್ರೀಕಂಟೆಂಪ್ಲೇಶನ್‌ನಲ್ಲಿದಾರೆ, ಅಂದ್ರೆ ಬದಲಾಗೋ ಯೋಚನೆನೇ ಇನ್ನೂ ಬಂದಿಲ್ಲ ಅಂತ ಕಾಣತ್ತೆ, ಅಲ್ಲಿಗೆ ಹೊಂದೋದು ನಾಲ್ಕನೇದು ಮಾತ್ರ. ಹೋಂವರ್ಕ್ ಆಕ್ಷನ್ ಅಥವಾ ಮೇಂಟೆನೆನ್ಸ್ ಹಂತದಲ್ಲಿರೋರಿಗೆ, ಅಂದ್ರೆ ಬಿಡೋ ಕೆಲಸ ಶುರು ಮಾಡಿದೋರಿಗೆ, ಬಿಟ್ಟು ಅದನ್ನ ಉಳಿಸ್ಕೊಳ್ತಿರೋರಿಗೆ. ಹಂತಗಳ ಹೆಸರು ಬಾಯಿಪಾಠ ಮಾಡಿದೋರು ಸುಮಾರು ಜನ ಸಿಗ್ತಾರೆ, ಕ್ಲಯಂಟ್ ಆಡಿದ ಒಂದು ವಾಕ್ಯ ಕೇಳಿ ಹಂತ ಹೇಳೋರು ಕಮ್ಮಿ. ಅಭ್ಯಾಸ ಮಾಡ್ಬೇಕಾಗಿರೋದು ಅದನ್ನ. "ಬಿಡ್ಬೇಕು ಅನ್ಸತ್ತೆ, ಆದ್ರೆ ಫ್ರೆಂಡ್ಸೆಲ್ಲಾ ಅಲ್ಲೇ ಇದಾರೆ" ಅಂದ್ರೆ ಕಂಟೆಂಪ್ಲೇಶನ್, "ಸೋಮವಾರ ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಂಡಿದೀನಿ" ಅಂದ್ರೆ ಪ್ರಿಪರೇಶನ್. ಮೋಟಿವೇಶನಲ್ ಇಂಟರ್ವ್ಯೂಯಿಂಗ್ (ಬದಲಾಗೋ ಮನಸ್ಸು ಕ್ಲಯಂಟ್ ಬಾಯಿಂದಲೇ ಬರೋ ಹಾಗೆ ಮಾತಾಡೋ ವಿಧಾನ) ಪ್ರಶ್ನೆಗಳೂ ಇದೇ ಜಾಡಿನವು, ವಾದ ಮಾಡೋ ಆಯ್ಕೆ, ಉಪದೇಶ ಮಾಡೋ ಆಯ್ಕೆ ಎರಡನ್ನೂ ಮೊದಲೇ ಹೊಡೆದುಹಾಕಿ, ಉಳಿದಿದ್ರಲ್ಲಿ ಹುಡುಕಿ.

ಹಾಗಂತ ಬಾಯಿಪಾಠ ಬೇಡ್ವೇ ಬೇಡ್ವಾ ಅಂದ್ರೆ, ಸ್ವಲ್ಪ ಬೇಕು. ಡಿಎಸ್ಎಂ-5 ಅನ್ನೋ ಮಾನಸಿಕ ಕಾಯಿಲೆಗಳ ಕೈಪಿಡಿಯಲ್ಲಿ ಅಡಿಕ್ಷನ್ ಗುರುತಿಸೋಕೆ ಕೊಟ್ಟಿರೋ 11 ಮಾನದಂಡಗಳು ಬಾಯಲ್ಲಿರಬೇಕು. 2-3 ಇದ್ರೆ ಮೈಲ್ಡ್, 4-5 ಮಾಡರೇಟ್, 6 ಅಥವಾ ಜಾಸ್ತಿ ಇದ್ರೆ ಸಿವಿಯರ್. ಹನ್ನೊಂದನ್ನ ಸಾಲಾಗಿ ಉರು ಹೊಡಿಬೇಡಿ, ಗುಂಪು ಮಾಡಿ: ಹಿಡಿತ ತಪ್ಪೋದು (ಅಂದ್ಕೊಂಡಿದ್ದಕ್ಕಿಂತ ಜಾಸ್ತಿ, ಬಿಡೋಕೆ ನೋಡಿ ಆಗದೇ ಇರೋದು, ದಿನವೆಲ್ಲಾ ಅದರ ಹಿಂದೆ, ಕ್ರೇವಿಂಗ್ ಅಂದ್ರೆ ಬೇಕೇ ಬೇಕು ಅನ್ನೋ ತುಡಿತ), ಮನೆ-ಕೆಲಸ-ಸಂಬಂಧ ಹಾಳಾಗೋದು ಮೂರು, ಅಪಾಯ ಗೊತ್ತಿದ್ದೂ ಮುಂದುವರಿಸೋದು ಎರಡು, ಆಮೇಲೆ ಟಾಲರೆನ್ಸ್ (ಅದೇ ನಶೆಗೆ ಜಾಸ್ತಿ ಬೇಕಾಗೋದು) ಮತ್ತೆ ವಿತ್‌ಡ್ರಾವಲ್ (ಬಿಟ್ಟಾಗ ಮೈ ಮನಸ್ಸಿಗೆ ಬರೋ ತೊಂದರೆ). ಇಲ್ಲೊಂದು ಕೊಕ್ಕೆ ಇದೆ. ಡಾಕ್ಟರ್ ಬರೆದುಕೊಟ್ಟ ಮಾತ್ರೆಯನ್ನ ಅವರು ಹೇಳಿದ ಹಾಗೇ ತಗೊಳ್ತಾ ಇರೋರಲ್ಲಿ ಟಾಲರೆನ್ಸ್, ವಿತ್‌ಡ್ರಾವಲ್ ಕಂಡ್ರೆ ಆ ಎರಡನ್ನ ಲೆಕ್ಕಕ್ಕೆ ತಗೋಬಾರದು. ಬೆನ್ನುನೋವಿಗೆ ಓಪಿಯಾಯ್ಡ್ (ಅಫೀಮು ಜಾತಿಯ ನೋವಿನ ಔಷಧ) ತಗೊಳ್ಳೋ ಪೇಷಂಟ್ ಕಥೆ ಬಂದ್ರೆ ಇದನ್ನ ನೆನಪಿಸ್ಕೊಳ್ಳಿ.

ಇಲ್ಲೇ ಹಳೇ ನೋಟ್ಸ್ ವಿಷಯಾನೂ ಹೇಳಿಬಿಡ್ತೀನಿ. ಸೀನಿಯರ್‌ಗಳು ಪ್ರೀತಿಯಿಂದ ಕೊಡೋ ಫೋಟೊಕಾಪಿಗಳಲ್ಲಿ "ಅಬ್ಯೂಸ್" ಬೇರೆ, "ಡಿಪೆಂಡೆನ್ಸ್" ಬೇರೆ ಅಂತ ಇದ್ರೆ ಅದು 2013ಕ್ಕಿಂತ ಹಿಂದಿನದು, ಡಿಎಸ್ಎಂ-5 ಬಂದಾಗ ಎರಡನ್ನೂ ಸೇರಿಸಿ ಒಂದೇ ಡಿಸಾರ್ಡರ್ ಮಾಡಿದ್ರು, ಪೊಲೀಸ್ ಕೇಸ್ ಆಗೋ ಮಾನದಂಡ ತೆಗೆದು ಕ್ರೇವಿಂಗ್ ಸೇರಿಸಿದ್ರು. ಯಾವ ಮಟ್ಟದ ಟ್ರೀಟ್‌ಮೆಂಟ್ ಬೇಕು ಅಂತ ನಿರ್ಧರಿಸೋ ಏಸಾಮ್ (ಅಮೆರಿಕದ ಅಡಿಕ್ಷನ್ ವೈದ್ಯರ ಸಂಘ) ಮಾನದಂಡಗಳ ನಾಲ್ಕನೇ ಆವೃತ್ತಿನೂ 2023ರಲ್ಲಿ ಬಂದಿದೆ, ಕ್ಲಯಂಟ್‌ನ ಅಳೆಯೋ ಆರು ಡೈಮೆನ್ಶನ್‌ಗಳು ಹಳೇದರ ಹಾಗೇ ಇಲ್ಲ. ಪರೀಕ್ಷೆ ಯಾವ ಆವೃತ್ತಿ ಮೇಲೆ ಅಂತ ಕ್ಯಾಂಡಿಡೇಟ್ ಗೈಡ್ ನೋಡ್ಕೊಳ್ಳಿ. ಆ ಗೈಡ್ ಫ್ರೀ, ವಿಷಯಗಳ ಪೂರ್ತಿ ಪಟ್ಟಿ ಅದ್ರಲ್ಲೇ ಇದೆ, ಅದನ್ನ ತೆಗೆದೂ ನೋಡ್ದೇ ದುಡ್ಡು ಕೊಟ್ಟು ಕೋರ್ಸ್ ಸೇರೋರನ್ನ ಕಂಡ್ರೆ ನಂಗೆ ನಿಜವಾಗ್ಲೂ ಅರ್ಥ ಆಗಲ್ಲ.

ಫಾರ್ಮಕಾಲಜಿ ಅಂದ್ರೆ ಎಲ್ಲರಿಗೂ ಭಯ, ಅಷ್ಟೊಂದು ಬೇಕಿಲ್ಲ. ಒಂದು ಹಾಳೆ ಮೇಲೆ ಡ್ರಗ್‌ಗಳ ಗುಂಪು, ಒಂದೊಂದರ ಎದುರಿಗೆ ನಶೆ ಏರಿದಾಗ ಹೇಗಿರ್ತಾರೆ, ಬಿಟ್ಟಾಗ ಹೇಗಿರ್ತಾರೆ, ಯಾವುದು ಜೀವಕ್ಕೆ ಅಪಾಯ ಅಂತ ಬರೀರಿ. ಬಿಟ್ಟಾಗ ಬರೋದು ಹೆಚ್ಚುಕಮ್ಮಿ ನಶೆಯ ಉಲ್ಟಾ. ಆಲ್ಕೋಹಾಲ್ ಮತ್ತೆ ಬೆಂಜೋಡಯಾಜೆಪಿನ್ (ಆತಂಕ, ನಿದ್ದೆಗೆ ಕೊಡೋ ಮಾತ್ರೆ) ಎರಡೂ ನರಗಳನ್ನ ನಿಧಾನ ಮಾಡೋವು, ದಿಢೀರ್ ನಿಲ್ಸಿದ್ರೆ ನರಗಳು ಎಗರಾಡ್ತವೆ, ಫಿಟ್ಸ್ ಬರೋದು ಅದಕ್ಕೇ, ಆಲ್ಕೋಹಾಲ್ ಡಿಟಾಕ್ಸ್‌ಗೆ ಬೆಂಜೋ ಕೊಡೋದೂ ಎರಡೂ ಮಿದುಳಲ್ಲಿ ಒಂದೇ ದಾರಿಯಲ್ಲಿ ಕೆಲಸ ಮಾಡೋದ್ರಿಂದಾನೇ. ಹೆರಾಯಿನ್ ಬಿಟ್ಟೋರು ಸತ್ತೇಹೋಗ್ತೀನಿ ಅನ್ನೋ ಹಾಗೆ ಒದ್ದಾಡ್ತಾರೆ, ವಾಂತಿ ಭೇದಿಯಿಂದ ನೀರಿನಂಶ ತೀರಾ ಕಮ್ಮಿ ಆಗದ ಹಾಗೆ ನೋಡ್ಕೊಂಡ್ರೆ ಸಾಮಾನ್ಯವಾಗಿ ಜೀವಕ್ಕೇನಾಗಲ್ಲ, ಆದ್ರೆ ಬಿಟ್ಟು ಕೆಲವು ವಾರ ಆದ್ಮೇಲೆ ಹಳೇ ಡೋಸೇ ತಗೊಂಡ್ರೆ ಓವರ್‌ಡೋಸ್, ಟಾಲರೆನ್ಸ್ ಇಳಿದಿರತ್ತಲ್ಲ. ಕೊಕೇನ್, ಮೆಥ್ ಬಿಟ್ಟೋರಲ್ಲಿ ನೋಡ್ಬೇಕಾಗಿದ್ದು ಡಿಪ್ರೆಶನ್ ಮತ್ತೆ ಆತ್ಮಹತ್ಯೆ ಯೋಚನೆ. ಔಷಧಗಳಲ್ಲಿ ಮೆಥಡೋನ್, ಬ್ಯುಪ್ರೆನಾರ್ಫಿನ್, ನಾಲ್‌ಟ್ರೆಕ್ಸೋನ್, ಡೈಸಲ್ಫಿರಾಂ, ಅಕಾಂಪ್ರೊಸೇಟ್, ಯಾವುದು ಯಾರಿಗೆ ಅಂತ ಗೊತ್ತಿದ್ರೆ ಸಾಕು. ಮೈಯಲ್ಲಿ ಇನ್ನೂ ಓಪಿಯಾಯ್ಡ್ ಇರೋರಿಗೆ ನಾಲ್‌ಟ್ರೆಕ್ಸೋನ್ ಕೊಟ್ರೆ ತಕ್ಷಣ ವಿತ್‌ಡ್ರಾವಲ್ ಶುರುವಾಗತ್ತೆ. ನಾಲಾಕ್ಸೋನ್ ಓವರ್‌ಡೋಸ್‌ನಿಂದ ಎಬ್ಬಿಸತ್ತೆ, ಆದ್ರೆ ಅದರ ಪರಿಣಾಮ ಇರೋದು 30ರಿಂದ 90 ನಿಮಿಷ, ಡ್ರಗ್ ಅದಕ್ಕಿಂತ ಜಾಸ್ತಿ ಹೊತ್ತು ಇರಬಹುದು, ಹಾಗಾಗಿ ಎದ್ದು ಕೂತ್ರೂ ಆಸ್ಪತ್ರೆಗೆ ಹೋಗ್ಲೇಬೇಕು.

ಸ್ಕ್ರೀನಿಂಗ್ ಟೂಲ್‌ಗಳು ಸುಲಭದ ಅಂಕ. ಕುಡಿತದ ಬಗ್ಗೆ ಕೇಳೋ ಕೇಜ್‌ನಲ್ಲಿ 4 ಪ್ರಶ್ನೆ, 2ಕ್ಕೆ ಹೌದು ಅಂದ್ರೆ ಮುಂದೆ ನೋಡ್ಬೇಕು. ಕುಡಿತದ್ದೇ ಇನ್ನೊಂದು ಟೂಲ್ ಆಡಿಟ್‌ನಲ್ಲಿ 10 ಪ್ರಶ್ನೆ, 8 ಅಂಕ ಬಂದ್ರೆ ಎಚ್ಚರಿಕೆ. ವಿತ್‌ಡ್ರಾವಲ್ ಎಷ್ಟು ತೀವ್ರ ಅಂತ ಅಳೆಯೋಕೆ ಸೀವಾ ಆಲ್ಕೋಹಾಲ್‌ಗೆ, ಕೌಸ್ ಓಪಿಯಾಯ್ಡ್‌ಗೆ. ಸ್ಕ್ರೀನಿಂಗ್ ಅಂದ್ರೆ ಸಮಸ್ಯೆ ಇರಬಹುದಾ ಅಂತ ನೋಡೋದು ಮಾತ್ರ, ಡಯಾಗ್ನೋಸಿಸ್ ಅಲ್ಲ, ಇದನ್ನ ಗಲಿಬಿಲಿ ಮಾಡೋ ಹಾಗೇ ಪ್ರಶ್ನೆ ಬರತ್ತೆ.

ಎಥಿಕ್ಸ್ ಮತ್ತೆ ಕಾನ್ಫಿಡೆನ್ಶಿಯಾಲಿಟಿಗೆ ನೀವು ಅಂದ್ಕೊಂಡಿದ್ದಕ್ಕಿಂತ ಡಬಲ್ ಟೈಮ್ ಕೊಡಿ. ಎಲ್ಲರಿಗೂ ಹಿಪಾ (ರೋಗಿಗಳ ಮಾಹಿತಿ ಗುಟ್ಟಾಗಿಡೋ ಅಮೆರಿಕದ ಕಾನೂನು) ಗೊತ್ತು, 42 ಸಿಎಫ್ಆರ್ ಪಾರ್ಟ್ 2 ಅಂದ್ರೆ ತಡವರಿಸ್ತಾರೆ. ಚಿಕಿತ್ಸೆಗೆ ಬಂದ್ರೆ ಪೊಲೀಸ್ರಿಗೆ ಗೊತ್ತಾಗತ್ತೆ, ಕೆಲಸ ಹೋಗತ್ತೆ ಅಂತ ಹೆದರಿ ಜನ ಬರದೇ ಇರಬಾರದು ಅಂತ 1970ರ ದಶಕದಲ್ಲಿ ಮಾಡಿದ ನಿಯಮ ಅದು. ಆ ವ್ಯಕ್ತಿ ನಿಮ್ಮಲ್ಲಿ ಚಿಕಿತ್ಸೆ ತಗೊಳ್ತಿದಾರೆ ಅನ್ನೋದೇ ಗುಟ್ಟು. ಫೋನ್ ಬಂತು, ಆ ಕಡೆಯಿಂದ ಗಾಬರಿ ದನಿ, "ನನ್ನ ಮಗ ಅಲ್ಲಿದಾನಾ, ಬರೀ ಹೌದು ಅಲ್ಲ ಅಷ್ಟು ಹೇಳಿ ಸಾಕು." ಮಗ ಪಕ್ಕದ ರೂಮಲ್ಲಿ ಗ್ರೂಪಲ್ಲಿ ಕೂತಿದಾನೆ, ಬರೆದುಕೊಟ್ಟ ಒಪ್ಪಿಗೆ ಇಲ್ಲ. "ಇದಾನೆ ಅಂತಾಗಲಿ ಇಲ್ಲ ಅಂತಾಗಲಿ ನಾನು ಹೇಳೋಕಾಗಲ್ಲ" ಅನ್ನೋದೇ ಉತ್ತರ, ತಾಯಿ ಕರುಳು ಎಷ್ಟೇ ಚುರುಕ್ ಅಂದ್ರೂ. ವಕೀಲರ ಸಬ್‌ಪೀನಾ (ದಾಖಲೆ ಕೊಡಿ ಅನ್ನೋ ಕಾನೂನು ನೋಟಿಸ್) ಬಂತು ಅಂತ ಫೈಲ್ ಕೊಡೋ ಹಾಗಿಲ್ಲ, ಜೊತೆಗೆ ಅದಕ್ಕೇ ಅಂತ ಕೋರ್ಟ್ ಆರ್ಡರ್ ಇಲ್ಲಾ ಕ್ಲಯಂಟ್ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ದೇನೂ ಹೇಳಬಹುದಾದ ಸಂದರ್ಭಗಳು: ಮೆಡಿಕಲ್ ಎಮರ್ಜೆನ್ಸಿ, ಮಕ್ಕಳ ಮೇಲಿನ ದೌರ್ಜನ್ಯದ ರಿಪೋರ್ಟ್, ಸೆಂಟರ್ ಒಳಗೆ ಅಥವಾ ಸ್ಟಾಫ್ ಮೇಲೆ ನಡೆದ ಅಪರಾಧ. ಕ್ಯಾಲಿಫೋರ್ನಿಯಾದ 1976ರ ಟ್ಯಾರಸಾಫ್ ತೀರ್ಪು, ಅಂದ್ರೆ ಇಂಥವರನ್ನ ಕೊಲ್ತೀನಿ ಅಂತ ಕ್ಲಯಂಟ್ ಹೇಳಿದ್ರೆ ಆ ವ್ಯಕ್ತಿಯನ್ನ ಕಾಪಾಡೋ ಹೊಣೆ, ಅದನ್ನೂ ಓದಿ. ಆದ್ರೆ ಪಾರ್ಟ್ 2ರಲ್ಲಿ ಇದಕ್ಕೆ ಅಂತ ಪ್ರತ್ಯೇಕ ವಿನಾಯಿತಿ ಇಲ್ಲ, ಹಾಗಾಗಿ ಎಚ್ಚರಿಸುವಾಗ ಇವರು ಅಡಿಕ್ಷನ್ ಚಿಕಿತ್ಸೆಯಲ್ಲಿದಾರೆ ಅನ್ನೋದು ಹೊರಬೀಳದ ಹಾಗೆ ನೋಡ್ಕೋಬೇಕು. ಎರಡು ನಿಯಮ ಒಂದೇ ಕಡೆ ತಿಕ್ಕಾಡೋ ಜಾಗ ಇದು, ಒಂದ್ಸಲ ಸೂಪರ್‌ವೈಸರ್ ಜೊತೆ ಕೂತು ಮಾತಾಡಿ.

ಸ್ವಂತ ರಿಕವರಿ ಇರೋರಿಗೆ, ಅಂದ್ರೆ ತಾವೇ ಚಟದಿಂದ ಹೊರಬಂದೋರಿಗೆ ಒಂದು ಮಾತು, ಈ ಫೀಲ್ಡಲ್ಲಿ ನೀವು ತುಂಬಾ ಜನ ಇದೀರಿ. ನಿಮ್ಮ ಬದುಕು ನಿಮಗೆ ಕಲಿಸಿದ್ದು ಯಾವ ಪುಸ್ತಕದಲ್ಲೂ ಇಲ್ಲ, ಒಪ್ತೀನಿ. ಆದ್ರೆ ಪರೀಕ್ಷೆಯಲ್ಲಿ ಕೌನ್ಸೆಲರ್ ಬೇರೆ, ಸ್ಪಾನ್ಸರ್ (ಎಎಯಲ್ಲಿ ಹೊಸಬರಿಗೆ ಜೊತೆಯಾಗೋ ಹಳಬರು) ಬೇರೆ. "ನನ್ನ ಕಥೆ ಹೇಳ್ತೀನಿ" ಅನ್ನೋ ಆಯ್ಕೆ ಸರಿಯಾಗೋದು ಅದರಿಂದ ಕ್ಲಯಂಟ್‌ಗೆ ಉಪಯೋಗ ಅಂತ ಪ್ರಶ್ನೆಯಲ್ಲೇ ಕಂಡ್ರೆ ಮಾತ್ರ. ಮೆಥಡೋನ್ ತಗೊಳ್ಳೋರನ್ನ "ಇನ್ನೂ ಕ್ಲೀನ್ ಆಗಿಲ್ಲ" ಅನ್ನೋ ಧಾಟಿಯ ಆಯ್ಕೆ ಕಂಡ್ರೆ ದೂರ ಇಡಿ.

ಎಷ್ಟು ದಿನ ಅಂದ್ರೆ, ಕೆಲಸ ಮಾಡ್ಕೊಂಡೇ ಓದೋರಿಗೆ ಎರಡು ಮೂರು ತಿಂಗಳು, ದಿನಾ ಒಂದು ಗಂಟೆ ಸಾಕು ಅನ್ಸತ್ತೆ. ಪ್ರಾಕ್ಟೀಸ್ ಪ್ರಶ್ನೆಗಳನ್ನ ಕೊನೇಗೆ ಇಟ್ಕೋಬೇಡಿ, ಮೊದಲ ವಾರದಿಂದಾನೇ ದಿನಾ ಹತ್ತು ಮಾಡಿ, ಪ್ರತಿ ಪ್ರಶ್ನೆಗೂ ಉಳಿದ ಮೂರು ಯಾಕೆ ಅಲ್ಲ ಅಂತ ಒಂದೊಂದು ಸಾಲು ಬರೀರಿ. ಬೇಜಾರಿನ ಕೆಲಸ, ಗೊತ್ತು, ಆದ್ರೆ ಪರ್ಸೆಂಟೇಜ್ ನೋಡಿ ಖುಷಿ ಪಡೋದಕ್ಕಿಂತ ಇದ್ರಲ್ಲಿ ಲಾಭ ಜಾಸ್ತಿ, ನಾಲ್ಕೈದು ವಾರ ಆದ್ಮೇಲೆ ನೀವು ಒಂದೇ ಥರ ಜಾರೋ ಜಾಗ ನಿಮ್ಮ ಕೈಬರಹದಲ್ಲೇ ಕಾಣತ್ತೆ. ಪ್ರಶ್ನೆ ಓದುವಾಗ ಫಸ್ಟ್, ಬೆಸ್ಟ್, ಮೋಸ್ಟ್, ಎಕ್ಸೆಪ್ಟ್ ಈ ನಾಲ್ಕು ಪದದ ಮೇಲೆ ಕಣ್ಣಿಡಿ. ಕಥೆಯಲ್ಲಿ ಬರೆದಿಲ್ಲದ್ದನ್ನ ನೀವು ಸೇರಿಸ್ಬೇಡಿ, "ಬಹುಶಃ ಇವರಿಗೆ ಟ್ರಾಮಾ ಇರಬಹುದು" ಅಂತ ಊಹಿಸಿ ಟಿಕ್ ಮಾಡೋದು ಅನುಭವಸ್ಥರ ಚಾಳಿ.

ಇನ್ನು "ಮುಂದಿನ ವಾರನೇ ಎಕ್ಸಾಮ್, ಏನೂ ಓದಿಲ್ಲ" ಅಂತ ಬರೆಯೋರೂ ಇದಾರೆ. ಡೇಟ್ ಮುಂದೂಡೋಕೆ ಆಗತ್ತಾ ನೋಡಿ. ಆಗಲ್ಲ ಅಂದ್ರೆ ಆ 11 ಮಾನದಂಡ, ವಿತ್‌ಡ್ರಾವಲ್ ಹಾಳೆ, ಬದಲಾವಣೆಯ ಹಂತಗಳು, ಪಾರ್ಟ್ 2ರ ವಿನಾಯಿತಿಗಳು, ಈ ನಾಲ್ಕೇ ಹಿಡ್ಕೊಳ್ಳಿ, ಉಳಿದಿದ್ದು ಬಿಡಿ. ಪಾಸಾಗ್ಲಿಲ್ಲ ಅಂದ್ರೆ ಯಾವ ವಿಭಾಗದಲ್ಲಿ ಎಷ್ಟು ಅಂತ ರಿಪೋರ್ಟ್ ಕೊಡ್ತಾರೆ, ಅದ್ರಲ್ಲಿ ಎಲ್ಲಕ್ಕಿಂತ ಕಮ್ಮಿ ಇರೋದನ್ನ ಗುರುತು ಹಾಕ್ಕೊಂಡು ಆಮೇಲೆ ನಂಗೆ ಮೆಸೇಜ್ ಮಾಡಿ, ಬರೀ "ಫೇಲಾದೆ ಮೇಡಂ" ಅಂದ್ರೆ ನಾನು ಏನಂತ ಹೇಳ್ಲಿ.