ಯಾಕುಜಾ ಸಿನಿಮಾದಲ್ಲಿ ಮೊದಲು ಬಟ್ಟಲು ನೋಡಿ

ಯಾಕುಜಾ, ಅಂದರೆ ಜಪಾನಿನ ಸಂಘಟಿತ ಗ್ಯಾಂಗುಗಳ, ಸಿನಿಮಾ ಶುರುವಾದ ಅರ್ಧ ಗಂಟೆ ಎಲ್ಲರಿಗೂ ಒಂದೇ ತಾಪತ್ರಯ. ಹತ್ತಾರು ಸೂಟುಬೂಟಿನ ಗಂಡಸರು, ಹತ್ತಾರು ಹೆಸರು, ಯಾರು ಯಾರ ಕಡೆಯವರೆಂದು ತಲೆಬುಡ ತಿಳಿಯುವುದಿಲ್ಲ. ಇಲ್ಲಿ ಜಪಾನಿನಲ್ಲಿ ಕೂತು ನೋಡಿದರೂ ಅಷ್ಟೇ. ಮುಖಗಳನ್ನು ಬಿಡಿ, ಸಾಕೆ (ಅಕ್ಕಿಯ ಮದ್ಯ) ಬಟ್ಟಲಿನ ದೃಶ್ಯ ಹಿಡಿದುಕೊಳ್ಳಿ. ಮುಂದಿನ ಹೊಡೆದಾಟಗಳ ಬೇರು ಅಲ್ಲಿದೆ.

ದೇವರ ಪೀಠದ ಮುಂದೆ ಸಾಕೆ, ಉಪ್ಪು, ಇಡೀ ಮೀನು. ಮಧ್ಯಸ್ಥ ಸುರಿದದ್ದನ್ನು ಒಯಾಬುನ್, ಅಂದರೆ ಯಜಮಾನ, ಗುಟುಕರಿಸಿ ಕೊಡುತ್ತಾನೆ. ಕೊಬುನ್, ಅಂದರೆ ಅನುಯಾಯಿ, ಅದನ್ನು ಪೂರ್ತಿ ಕುಡಿದು, ಬಟ್ಟಲನ್ನು ಕಾಗದದಲ್ಲಿ ಸುತ್ತಿ ಕಿಮೋನೊದ ಎದೆಯೊಳಗೆ ಸೇರಿಸುತ್ತಾನೆ. ಅಂದಿನಿಂದ ಅವರು ಅಪ್ಪ-ಮಗ. ಬಟ್ಟಲು ಹಿಂದಿರುಗಿಸಿದರೆ ನಂಟು ಹರಿಯಿತು. ಅಣ್ಣ-ತಮ್ಮಂದಿರ ಬಟ್ಟಲಿನಲ್ಲಿ ಪಾಲಿನ ಲೆಕ್ಕವೂ ಉಂಟು: ಐದಕ್ಕೆ ಐದು ಎಂದರೆ ಸರಿಸಮಾನರು, ಆರು-ನಾಲ್ಕು, ಏಳು-ಮೂರು ಎಂದರೆ ಅಣ್ಣನ ಕೈ ಮೇಲು.

ಜಗಳ ಹುಟ್ಟುವುದು ಯಜಮಾನ ಸತ್ತಾಗ ಅಥವಾ ನಿವೃತ್ತನಾದಾಗ. ಎರಡನೇ ಸ್ಥಾನದ ವಕಾಗಶಿರಾ ಗದ್ದುಗೆ ಏರಿದರೆ ಬಟ್ಟಲುಗಳನ್ನೆಲ್ಲ ಹೊಸದಾಗಿ ಕುಡಿಯಬೇಕು. ನಿನ್ನೆಯವರೆಗೆ ಅವನಿಗೆ ಚಿಕ್ಕಪ್ಪನಂತಿದ್ದವರು ಇಂದು ಅವನೆದುರು ತಲೆತಗ್ಗಿಸಬೇಕು. ಒಲ್ಲದವನು ಹೊರನಡೆದರೆ ಗುಂಪು ಒಡೆಯಿತು.

1960ರ ದಶಕದ ತೋಯೆಯ್ ಸ್ಟುಡಿಯೊದ ಚಿತ್ರಗಳಲ್ಲಿ ನಾಯಕ ನಟ ತಕಾಕುರಾ ಕೆನ್ ಎಲ್ಲ ಅವಮಾನ ನುಂಗಿ, ಕೊನೆಯ ರೀಲಿನಲ್ಲಿ ಕತ್ತಿ ಹಿಡಿದು ಹೊರಡುತ್ತಿದ್ದ. ಉಪ್ಪಿನ ಋಣ ಅಲ್ಲಿ ಪವಿತ್ರ. ನಿರ್ದೇಶಕ ಫುಕಸಾಕು ಕಿಂಜಿ 1973ರ ‘ಜಿಂಗಿ ನಕಿ ತತಕಾಯ್’ನಲ್ಲಿ ಅದನ್ನು ಬುಡಮೇಲು ಮಾಡಿದರು. ಯುದ್ಧ ಮುಗಿದ ಕುರೆ ಪಟ್ಟಣ, ಕಾಳಸಂತೆ. ಯಜಮಾನ ಯಮಮೋರಿ ಕಣ್ಣೀರು ಹಾಕಿ, ಆಣೆ ಕೊಟ್ಟು, ಹುಡುಗರ ಕೈಯಲ್ಲಿ ಕೊಲೆ ಮಾಡಿಸುತ್ತಾನೆ. ಅವರು ಜೈಲಿಗೆ ಹೋದಾಗ ಮಾತು ಮರೆಯುತ್ತಾನೆ. ನಿಷ್ಠೆ ತೋರಿದ ಹಿರೊನೊನಿಗೆ ಸಿಕ್ಕಿದ್ದು ಜೈಲೂಟ. ಕ್ಷಮೆಗಾಗಿ ಅವನು ಕಿರುಬೆರಳು ಕತ್ತರಿಸುವ ದೃಶ್ಯವಂತೂ ಪ್ರಹಸನ: ಬೆರಳು ಅಂಗಳಕ್ಕೆ ಹಾರುತ್ತದೆ, ಎಲ್ಲರೂ ಬಗ್ಗಿ ಹುಡುಕುತ್ತಾರೆ, ಕೊನೆಗೆ ಸಿಗುವುದು ಕೋಳಿಗಳ ಹತ್ತಿರ. ಸಂಪ್ರದಾಯದ ಗಾಂಭೀರ್ಯಕ್ಕೆ ಇದಕ್ಕಿಂತ ದೊಡ್ಡ ಏಟು ಬೇಕೇ?

ಕಿತಾನೊ ತಕೇಶಿಯ ‘ಔಟ್‌ರೇಜ್’ (2010) ಇದೇ ತಂತ್ರವನ್ನು ಇನ್ನಷ್ಟು ತಣ್ಣಗೆ ತೋರಿಸುತ್ತದೆ. ದೊಡ್ಡ ಸಂಘದ ಅಧ್ಯಕ್ಷನಿಗೆ ತನ್ನ ಕೆಳಗಿನ ಯಜಮಾನ ಇಕೆಮೊತೊ ಹೊರಗಿನ ಗುಂಪಿನ ಮುರಾಸೆಯೊಂದಿಗೆ ಅಣ್ಣ-ತಮ್ಮನಾಗಿರುವುದು ಕಣ್ಣುರಿ. ಇಕೆಮೊತೊ ತಾನು ಕೆಟ್ಟವನಾಗಲು ಒಲ್ಲ. ಕೊಳಕು ಕೆಲಸವನ್ನು ತನ್ನ ಕೆಳಗಿನ ಓತೊಮೊಗೆ ದಾಟಿಸುತ್ತಾನೆ. ಆಜ್ಞೆ ಕೆಳಗಿಳಿಯುತ್ತದೆ, ತಪ್ಪಿನ ಹೊರೆಯೂ ಕೆಳಗೇ ಉಳಿಯುತ್ತದೆ. ಪ್ರತಿ ದೃಶ್ಯದಲ್ಲೂ ಈ ಕೆಲಸ ಯಾರು ಯಾರಿಗೆ ಹೇಳಿದರೆಂದು ಗಮನಿಸಿದರೆ ಮುಂದೆ ಬಲಿಯಾಗುವವನ ಹೆಸರು ಊಹಿಸಬಹುದು.

ಇತ್ತೀಚಿನ ಚಿತ್ರಗಳಲ್ಲಿ ಶತ್ರು ಬೇರೆ ಗುಂಪಲ್ಲ, ಕಾನೂನು. 1992ರಲ್ಲಿ ಜಾರಿಯಾದ ಗ್ಯಾಂಗ್ ವಿರೋಧಿ ಕಾಯ್ದೆಯ ಬಳಿಕ, 2011ರ ಹೊತ್ತಿಗೆ ಎಲ್ಲ ಪ್ರಾಂತ್ಯಗಳಲ್ಲೂ ಇವರೊಂದಿಗೆ ವ್ಯವಹಾರ ತಡೆಯುವ ನಿಯಮ ಬಂತು. ಬ್ಯಾಂಕ್ ಖಾತೆಗೂ ಬಾಡಿಗೆ ಮನೆಯ ಕರಾರಿಗೂ ತಾನು ಸಮಾಜವಿರೋಧಿ ಗುಂಪಿನವನಲ್ಲ ಎಂಬ ಷರತ್ತು ಇರುತ್ತದೆ. ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಹುಡುಗನೂ ಅದಕ್ಕೆ ಒಪ್ಪಿ ಸಹಿ ಹಾಕಬೇಕು! ಗುಂಪು ಬಿಟ್ಟವನನ್ನೂ ಸಾಮಾನ್ಯವಾಗಿ ಐದು ವರ್ಷ ಹಾಗೇ ನೋಡುತ್ತಾರೆ. 2021ರ ‘ಯಾಕುಜಾ ಅಂಡ್ ದಿ ಫ್ಯಾಮಿಲಿ’ಯಲ್ಲಿ ತನ್ನ ಗುಂಪಿಗಾಗಿ 14 ವರ್ಷ ಜೈಲಿನಲ್ಲಿದ್ದು ಹೊರಬಂದವನಿಗೆ ಕಾಣುವುದು ಈ ಜಪಾನ್. ಹಳೆಯ ಗೆಳೆಯರೂ ಜತೆಗೆ ಕಾಣಿಸಿಕೊಳ್ಳಲು ಹೆದರುತ್ತಾರೆ. ನಂಟು ಬಯಲಾದರೆ ಕೆಲಸಕ್ಕೆ ಕುತ್ತು.