ಹೊಟ್ಟೆ ತುಂಬಿದವರಿಗೆ ಕೊಟ್ಟ ಎಚ್ಚರಿಕೆ

ಪುಣೆಯ ನಮ್ಮ ಕನ್ನಡ ಸಭೆಯಲ್ಲಿ ಭಾನುವಾರದ ಆರಾಧನೆ ಮುಗಿದ ಮೇಲೆ ಯುವಕರಿಗೆ ಬೈಬಲ್ ಅಧ್ಯಯನ ನಡೆಸುತ್ತೇನೆ. ಅಲ್ಲಿ ಪದೇ ಪದೇ ಎದುರಾಗುವ ಪ್ರಶ್ನೆ ಇದು: "ದೇವರು ಪ್ರೀತಿಸ್ವರೂಪಿ ಎನ್ನುತ್ತೀರಿ. ಹಾಗಿದ್ದರೆ ಆತನನ್ನು ಬಿಟ್ಟುಹೋದವರಿಗೆ ಬೈಬಲಿನಲ್ಲಿ ಇಷ್ಟೊಂದು ಬೆದರಿಕೆ ಏಕೆ, ಅಂಕಲ್? ಅಷ್ಟು ಹಳೆಯ ಮಾತು ಹಿಂಜವಡಿಯ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವ ನಮಗೇಕೆ?"

ಆ ಮಾತನ್ನು ಯಾರಿಗೆ, ಯಾವ ಹೊತ್ತಿಗೆಂದು ಹೇಳಿದ್ದಾರೆ ಎಂಬುದನ್ನು ಮೊದಲು ನೋಡಿ ಎನ್ನುತ್ತೇನೆ. ಬೈಬಲಿನ ಧರ್ಮೋಪದೇಶಕಾಂಡದ 8ನೆಯ ಅಧ್ಯಾಯದಲ್ಲಿ ಇಸ್ರಾಯೇಲರ ನಾಯಕ ಮೋಶೆಯ ಎದುರಿಗಿರುವವರು 40 ವರ್ಷ ಅರಣ್ಯದಲ್ಲಿ ಅಲೆದ ಜನ. ಅವನಿಗೆ ಚಿಂತೆ ಹತ್ತಿರುವುದು ಅವರ ಮುಂದಿನ ಸುಖದ ದಿನಗಳದ್ದು. ಹೊಟ್ಟೆ ತುಂಬ ಉಂಡು, ಒಳ್ಳೆಯ ಮನೆ ಕಟ್ಟಿ, ದನಕುರಿ, ಬೆಳ್ಳಿಬಂಗಾರ ಹೆಚ್ಚಿದಾಗ, ಇದೆಲ್ಲ ನನ್ನ ಕೈಬಲದಿಂದಲೇ ಬಂತು ಎಂದುಕೊಂಡಾರು ಎಂಬ ಚಿಂತೆ. ಹುಬ್ಬಳ್ಳಿಯಿಂದ, ಗದಗ-ಬೆಟಗೇರಿಯಿಂದ ಟ್ರಂಕು ಹಿಡಿದು ಬಂದು ಪಿಂಪ್ರಿಯ ಕಾರ್ಖಾನೆಗಳಲ್ಲಿ ದುಡಿದವರ ಮನೆತನ ನಮ್ಮದು. ಚಾಳಿನ ಒಂದೇ ಕೋಣೆಯಲ್ಲಿ ಪ್ರಾರ್ಥನಾ ಕೂಟಕ್ಕೆ ಜಾಗ ಸಿಗುತ್ತಿತ್ತು. ಈಗಿನ ದೊಡ್ಡ ಫ್ಲಾಟುಗಳಲ್ಲಿ ಸಿಗುತ್ತಿಲ್ಲ.

ಇನ್ನು ಪ್ರವಾದಿ ಆಮೋಸ. ತೆಕೋವದ ಈ ಕುರಿಗಾಹಿ ಕ್ರಿ.ಪೂ. 8ನೆಯ ಶತಮಾನದಲ್ಲಿ, 2ನೆಯ ಯಾರೊಬ್ಬಾಮ ರಾಜನ ಆಳ್ವಿಕೆಯಲ್ಲಿ, ಉತ್ತರದ ಇಸ್ರಾಯೇಲ್ ರಾಜ್ಯಕ್ಕೆ ಹೋಗಿ ಮಾತನಾಡಿದ. ದೇಶ ಸಂಪತ್ತಿನಲ್ಲಿ ತೇಲುತ್ತಿತ್ತು. ಬೇತೇಲಿನ ಆಲಯದಲ್ಲಿ ಹಬ್ಬ, ಹಾಡು, ಬಲಿ ಯಾವುದಕ್ಕೂ ಕೊರತೆ ಇರಲಿಲ್ಲ. ಆದರೆ ಧಾನ್ಯದ ವ್ಯಾಪಾರಿ ಸಬ್ಬತ್ ದಿನ, ಅಂದರೆ ವ್ಯಾಪಾರ ನಿಲ್ಲಿಸುವ ವಾರದ ವಿಶ್ರಾಂತಿ ದಿನ, ಯಾವಾಗ ಮುಗಿದೀತು ಎಂದು ತುದಿಗಾಲಲ್ಲಿ ನಿಂತಿದ್ದ. ಕೊಳಗವನ್ನು ಕಿರಿದು ಮಾಡಬೇಕು, ತೂಕದ ಕಲ್ಲನ್ನು ಹಿರಿದು ಮಾಡಬೇಕು, ಗೋದಿಯ ಜೊಳ್ಳನ್ನೂ ಕಾಸು ಮಾಡಬೇಕು! ಒಂದು ಜೊತೆ ಕೆರಕ್ಕಾಗಿ ಬಡವನನ್ನೇ ಮಾರುತ್ತಿದ್ದರು. ಆರಾಧನೆ ತಪ್ಪಿಸದ ಈ ಜನರೇ ದೇವರಿಗೆ ಬೆನ್ನು ಹಾಕಿದ್ದಾರೆ ಎಂದ ಆಮೋಸ. ಕ್ರಿ.ಪೂ. 722ರ ಸುಮಾರಿಗೆ ಅವರ ರಾಜಧಾನಿ ಸಮಾರ್ಯ ಅಶ್ಶೂರ ಸಾಮ್ರಾಜ್ಯದ ಕೈಗೆ ಬಿತ್ತು.

ನಮ್ಮಲ್ಲಿ ಈ ಎಚ್ಚರಿಕೆಗಳನ್ನು ಸಭೆಗೆ ಬರುವುದನ್ನು ಬಿಟ್ಟ ಹುಡುಗನ ಮೇಲೆ, ಬೇರೆ ಧರ್ಮದವನನ್ನು ಮದುವೆಯಾದ ಹುಡುಗಿಯ ಮೇಲೆ ಎಸೆಯುತ್ತಾರೆ. ನನಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಆಮೋಸ ಬಂದರೆ ಹಾಜರಿ ಪುಸ್ತಕ ಕೇಳುವುದಿಲ್ಲ, ನೇರವಾಗಿ ನಮ್ಮ ಅಡುಗೆಮನೆಗೆ ನುಗ್ಗುತ್ತಾನೆ. ಮಗುವಿಗೆ ಜ್ವರವೆಂದು ಎರಡು ದಿನ ಬಾರದ ಕೆಲಸದ ಮಾವಶಿಯ ಸಂಬಳದಲ್ಲಿ ಆ ಎರಡು ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟು ಮುರಿದುಕೊಳ್ಳುತ್ತೇವೆ. ಭಾನುವಾರ ಕಾಣಿಕೆ ಚೀಲ ಎದುರಿಗೆ ಬಂದಾಗ ಅದೇ ಕೈಯಿಂದ ನೋಟು ಹಾಕುತ್ತೇವೆ. ಕೂಲಿಯವನು ಬಡವ, ಆ ಕೂಲಿಯನ್ನೇ ನೆಚ್ಚಿಕೊಂಡಿದ್ದಾನೆ, ಹೊತ್ತು ಮುಳುಗುವುದರೊಳಗೆ ಕೊಟ್ಟುಬಿಡು ಎಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ಹೇಳುವುದು ನಮಗೇ.

ಇದು ಬೆದರಿಕೆಯೇ? ಅದೇ ಉತ್ತರ ರಾಜ್ಯದಲ್ಲಿ, ಅದೇ ಶತಮಾನದಲ್ಲಿ ಸಾರಿದ ಪ್ರವಾದಿ ಹೋಶೇಯನನ್ನು ಓದಿ. ಎಫ್ರಾಯೀಮೇ (ಆ ಉತ್ತರ ರಾಜ್ಯಕ್ಕೇ ಇನ್ನೊಂದು ಹೆಸರು), ನಿನ್ನನ್ನು ಹೇಗೆ ಬಿಟ್ಟುಕೊಡಲಿ ಎಂದು ಅಲ್ಲಿ ದೇವರೇ ಸಂಕಟಪಡುತ್ತಾನೆ. ಹೆದರಿಸಿ ಕೆಲಸ ಸಾಧಿಸುವವರು ಹೀಗೆ ಕರುಳು ತೋಡಿಕೊಳ್ಳುವುದಿಲ್ಲ. ಕೊನೆಯ ಅಧ್ಯಾಯದಲ್ಲಂತೂ, ಮರಳಿ ಬರುವವರು ಏನು ಹೇಳಿ ಪ್ರಾರ್ಥಿಸಬೇಕು ಎಂಬುದನ್ನೂ ಹೇಳಿಕೊಟ್ಟಿದೆ: ನಮ್ಮ ಕೈಯಿಂದಾದದ್ದನ್ನು ಇನ್ನು ದೇವರೆನ್ನುವುದಿಲ್ಲ; ದಿಕ್ಕಿಲ್ಲದವರಿಗೆ ಕರುಣೆ ಸಿಗುವುದು ನಿನ್ನಲ್ಲೇ.